ಶಿಕಾಗೊ ಬಿಟ್ಟು ಲೇಕ್ ಕೌಂಟಿಗೆ ಹೋಗುವವರಿಗೆ: ಅಲ್ಲಿ ಬಾಳಿದವರ ಅನುಭವ

ಪ್ರಶ್ನೆ: ನಾಲ್ಕು ವರ್ಷಗಳಿಂದ ಶಿಕಾಗೊ ನಗರದೊಳಗೆ ಬಾಡಿಗೆ ಮನೆಯಲ್ಲಿದ್ದೇವೆ. ಯಜಮಾನರಿಗೆ ನಾರ್ತ್ ಶಿಕಾಗೊದಲ್ಲಿ ಕೆಲಸ ಸಿಕ್ಕಿದೆ, ನನ್ನ ಕಚೇರಿ ಮಾತ್ರ ನಗರದ ಮಧ್ಯದಲ್ಲಿಯೇ ಇದೆ. ಇಲಿನಾಯ್‌ನ ಲೇಕ್ ಕೌಂಟಿಯಲ್ಲಿ ಕೆರೆಯ ಪಕ್ಕದ ಮನೆಯೊಂದನ್ನು ನೋಡಿ ಮನಸೋತಿದ್ದೇವೆ. ಮಗಳು ಐದನೇ ತರಗತಿ. ಪ್ರತಿ ವರ್ಷ ಮೇ ತಿಂಗಳಿನಲ್ಲಿ ಅತ್ತೆ ಮಾವ ಮೈಸೂರಿನಿಂದ ಬಂದು ಆರು ತಿಂಗಳು ಇರುತ್ತಾರೆ. ಅಲ್ಲಿ ವಾಸವಿರುವವರು ದಯವಿಟ್ಟು ಸಲಹೆ ನೀಡಿ.

ಗ್ರೇಸ್‌ಲೇಕ್‌ನಿಂದ ಒಬ್ಬರು:

ನಾರ್ತ್ ಶಿಕಾಗೊ ಎಂಬುದು ಶಿಕಾಗೊದ ಬಡಾವಣೆಯಲ್ಲ, ನಗರದ ಮಧ್ಯದಿಂದ ಸುಮಾರು 35 ಮೈಲಿ ಉತ್ತರಕ್ಕೆ, ಲೇಕ್ ಕೌಂಟಿಯೊಳಗೇ ಇರುವ ಬೇರೆ ಊರು. ಆದ್ದರಿಂದ ನಿಮ್ಮಿಬ್ಬರಲ್ಲಿ ದಿನವೂ ದೂರ ಹೋಗಬೇಕಾದವರು ನೀವೇ, ಮನೆಯನ್ನು ನಿಮ್ಮ ರೈಲಿನ ಲೆಕ್ಕದಲ್ಲಿ ಹುಡುಕಿ. ಡಿಯರ್‌ಫೀಲ್ಡ್, ಲಿಬರ್ಟಿವಿಲ್, ಗ್ರೇಸ್‌ಲೇಕ್ ಮೂಲಕ ಫಾಕ್ಸ್ ಲೇಕ್‌ಗೆ ಹೋಗುವ ಮೆಟ್ರಾ (ಉಪನಗರ ರೈಲು) ಮಾರ್ಗದಲ್ಲಿ ವಾರಾಂತ್ಯದಲ್ಲಿಯೂ ರೈಲುಗಳಿವೆ. ವೆರ್ನನ್ ಹಿಲ್ಸ್, ಮಂಡಲೈನ್ ಮೂಲಕ ಆಂಟಿಯಾಕ್‌ಗೆ ಹೋಗುವ ಮಾರ್ಗದಲ್ಲಿ ಶನಿವಾರ ಭಾನುವಾರ ರೈಲೇ ಇಲ್ಲ. ನಮ್ಮೂರಿನಿಂದ ಶಿಕಾಗೊ ಮಧ್ಯದ ಯೂನಿಯನ್ ಸ್ಟೇಷನ್‌ಗೆ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಜನವರಿಯ ಚಳಿಯಲ್ಲಿ ಪ್ಲಾಟ್‌ಫಾರಂ ಮೇಲೆ ಕಾಯುವ ಹತ್ತು ನಿಮಿಷವನ್ನೂ ಅದಕ್ಕೆ ಸೇರಿಸಿಕೊಳ್ಳಿ.

ಇನ್ನು ಕೆರೆಯ ವಿಷಯ. ಪೂರ್ವದ ಅಂಚಿನಲ್ಲಿರುವ ಹೈಲ್ಯಾಂಡ್ ಪಾರ್ಕ್, ಲೇಕ್ ಫಾರೆಸ್ಟ್, ಲೇಕ್ ಬ್ಲಫ್, ವಾಕೀಗನ್ ಊರುಗಳಿಗೆ ಆಚೆ ದಡ ಕಾಣದ ಮಿಶಿಗನ್ ಸರೋವರವೇ ನೆರೆ. ಅಲ್ಲಿ ಗಾಳಿ ನೀರಿನ ಕಡೆಯಿಂದ ಬೀಸಿದರೆ ಮೇ ತಿಂಗಳಲ್ಲಿಯೂ ಸ್ವೆಟರ್ ಬೇಕು. ಪಶ್ಚಿಮದಲ್ಲಿರುವವು ನಮ್ಮ ಕಡೆಯ ಕೆರೆಗಳಂಥವು. ನೀವು ನೋಡಿದ ಮನೆ ಅಂಥ ಕೆರೆಯ ಎದುರಿಗಿದ್ದ ಮಾತ್ರಕ್ಕೆ ದೋಣಿ ಇಳಿಸುವ ಹಕ್ಕು ನಿಮಗೆ ಬರುವುದಿಲ್ಲ, ಅದು ಕ್ರಯಪತ್ರದಲ್ಲಿ ಇರಬೇಕು. ಕೆರೆಯ ನಿರ್ವಹಣೆಗೆ ನಿವಾಸಿಗಳ ಸಂಘಕ್ಕೆ ವರ್ಷಕ್ಕೆ ಎಷ್ಟು ಕಟ್ಟಬೇಕು ಎಂದೂ ಕೇಳಿ. ಆಗಸ್ಟ್‌ನಲ್ಲಿ ಒಮ್ಮೆ ಹೋಗಿ ನೋಡಿದರೆ ಪಾಚಿ, ಬಾತುಗಳ ಹಿಕ್ಕೆ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಇಷ್ಟಾದರೂ, ಮಂಜುಗಟ್ಟಿದ ಕೆರೆಯ ಮೇಲೆ ಪುಟ್ಟ ಡೇರೆ ಹಾಕಿ, ರಂಧ್ರ ಕೊರೆದು ಮೀನು ಹಿಡಿಯುವವರನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ಕಾಫಿ ಕುಡಿಯುವ ಬೆಳಗು ನನಗೆ ಹನ್ನೆರಡು ವರ್ಷಗಳಾದರೂ ಹಳತಾಗಿಲ್ಲ.

ಆದರೆ ನಾನು ಒತ್ತಿ ಹೇಳಬೇಕಾದದ್ದು ಬೇಸ್‌ಮೆಂಟ್ ಬಗ್ಗೆ. ಬೆಂಗಳೂರಿನಲ್ಲಿ ಸಂಪ್ ಎಂದರೆ ನೀರು ತುಂಬಿಸಿಡುವ ತೊಟ್ಟಿ. ಇಲ್ಲಿ ಸಂಪ್ ಎಂದರೆ ನೆಲದಡಿಯ ನೀರನ್ನು ಒಟ್ಟುಗೂಡಿಸಿ ಪಂಪಿನಿಂದ ಹೊರಗೆ ದಬ್ಬುವ ಗುಂಡಿ. 2017ರ ಜುಲೈ 12ರ ಬೆಳಗಿನ ಜಾವ, ಕೌಂಟಿಯನ್ನೆಲ್ಲ ಮುಳುಗಿಸಿದ ಆ ಮಳೆಯಲ್ಲಿ, ನಮ್ಮ ಮನೆಯ ಕರೆಂಟ್ ಹೋಯಿತು. ಎಚ್ಚರವಾದದ್ದು ಸದ್ದಿಗಲ್ಲ, ಸದಾ ಗುಂಯ್‌ಗುಡುತ್ತಿದ್ದ ಪಂಪಿನ ಸದ್ದು ನಿಂತದ್ದಕ್ಕೆ. ಟಾರ್ಚ್ ಹಿಡಿದು ಇಳಿದಾಗ ಕೊನೆಯ ಮೆಟ್ಟಿಲು ನೀರಿನಲ್ಲಿತ್ತು, ತಂದೆಯವರು ಊರಿನಿಂದ ಹೊತ್ತು ತಂದಿದ್ದ ಪುಸ್ತಕಗಳ ರಟ್ಟಿನ ಪೆಟ್ಟಿಗೆ ಮೆತ್ತಗಾಗಿ ಬಾಯಿ ಬಿಟ್ಟಿತ್ತು. ಸಾಮಾನ್ಯ ಗೃಹವಿಮೆಯಲ್ಲಿ ಪಂಪ್ ಕೈಕೊಟ್ಟ ನಷ್ಟ ಸೇರಿರುವುದಿಲ್ಲ, ಅದಕ್ಕೆ ಬೇರೆ ಹಣ ಕಟ್ಟಬೇಕು. ನದಿ ಉಕ್ಕಿ ಬರುವ ಪ್ರವಾಹಕ್ಕೆ ಇನ್ನೊಂದು ವಿಮೆಯೇ ಬೇಕು. ಇದು ನಮಗೆ ಗೊತ್ತಾದದ್ದು ಆಮೇಲೆ. ಬ್ಯಾಟರಿಯಿಂದ ಓಡುವ ಎರಡನೆಯ ಪಂಪ್ ಇದೆಯೇ ಎಂದು ನೋಡದೆ ಯಾವ ಮನೆಗೂ ಮುಂಗಡ ಕೊಡಬೇಡಿ. ಡೆ ಪ್ಲೇನ್ಸ್ ನದಿಯ ಬಯಲಿನಲ್ಲಿ ಮನೆ ಇದ್ದರೆ ಪ್ರವಾಹದ ನಕ್ಷೆಯನ್ನು ನೀವೇ ತೆರೆದು ನೋಡಿ, ಮಾರುವವರ ಬಾಯಿಮಾತು ಸಾಲದು.

ವೆರ್ನನ್ ಹಿಲ್ಸ್‌ನಿಂದ ಇನ್ನೊಬ್ಬರು:

ಮೇಲಿನವರು ಹೇಳಿದ್ದಕ್ಕೆ ಶಾಲೆ ಮತ್ತು ತೆರಿಗೆಯನ್ನು ಸೇರಿಸುತ್ತೇನೆ. ಇಲ್ಲಿ ಬಹಳಷ್ಟು ಕಡೆ ಎಂಟನೇ ತರಗತಿಯವರೆಗೆ ಒಂದು ಶಾಲಾ ಜಿಲ್ಲೆ (ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ), ಹೈಸ್ಕೂಲಿಗೆ ಇನ್ನೊಂದು. ಅಂಚೆ ವಿಳಾಸದಲ್ಲಿ ವೆರ್ನನ್ ಹಿಲ್ಸ್ ಎಂದಿದ್ದರೂ ಕೆಲವು ಮನೆಗಳ ಮಕ್ಕಳು ವೆರ್ನನ್ ಹಿಲ್ಸ್ ಹೈಸ್ಕೂಲಿಗೂ ಕೆಲವು ಮನೆಗಳ ಮಕ್ಕಳು ಲಿಂಕನ್‌ಶೈರ್‌ನ ಸ್ಟೀವನ್ಸನ್ ಹೈಸ್ಕೂಲಿಗೂ ಹೋಗುತ್ತಾರೆ. ನಿಮ್ಮ ಮಗಳು ಹೈಸ್ಕೂಲು ಸೇರಲು ನಾಲ್ಕು ವರ್ಷವೂ ಇಲ್ಲವಾದ್ದರಿಂದ ಈಗಲೇ ಖಚಿತಪಡಿಸಿಕೊಳ್ಳಿ. ಮನೆಯ ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ಯಾವ ಶಾಲಾ ಜಿಲ್ಲೆಗೆ ಎಷ್ಟು ಎಂದು ಬರೆದಿರುತ್ತದೆ, ಅದೇ ನಂಬಬಹುದಾದ ಕಾಗದ.

ತೆರಿಗೆ ಇಲ್ಲಿ ನಿಜಕ್ಕೂ ಭಾರ. ಒಂದು ವರ್ಷದ ತೆರಿಗೆಯನ್ನು ಮರುವರ್ಷ ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ಎರಡು ಕಂತುಗಳಲ್ಲಿ ಕಟ್ಟುತ್ತೇವೆ. ಹಿಂದಿನ ಮಾಲೀಕರಿಗೆ ಹಿರಿಯ ನಾಗರಿಕರ ರಿಯಾಯಿತಿ ಇದ್ದರೆ ಅವರ ಬಿಲ್ಲಿನ ಮೊತ್ತ ನಿಮ್ಮದಾಗುವುದಿಲ್ಲ, ಏರುತ್ತದೆ. ಗರ್ನಿಯಲ್ಲಿ ಊರಿನ ಆಡಳಿತ ಆಸ್ತಿ ತೆರಿಗೆ ವಿಧಿಸುವುದಿಲ್ಲ ಎಂದು ಕೇಳಿ ಹಿಗ್ಗಬೇಡಿ. ಬಿಲ್ಲಿನ ದೊಡ್ಡ ಪಾಲು ಶಾಲೆಗಳದು, ಅದು ಅಲ್ಲಿಯೂ ಇದೆ.

ಲಿಬರ್ಟಿವಿಲ್‌ನಿಂದ ಮತ್ತೊಬ್ಬರು:

ಅತ್ತೆ ಮಾವನವರ ಬಗ್ಗೆ ಯಾರೂ ಹೇಳಲಿಲ್ಲ. ನಾವು ಮೊದಲು ಕೊಂಡದ್ದು ಫುಟ್‌ಪಾತ್ ಇಲ್ಲದ ಬಡಾವಣೆಯ ಚೆಂದದ ಮನೆ. ಮಾವನವರು ಬೆಳಗ್ಗೆ ಸ್ನಾನ ಮುಗಿಸಿ, ಶೂ ಹಾಕಿಕೊಂಡು, ನಮ್ಮಲ್ಲಿ ಯಾರಿಗಾದರೂ ಕಾರು ತೆಗೆಯಲು ಬಿಡುವಾದೀತೇ ಎಂದು ಬಾಗಿಲ ಬಳಿ ಕುಳಿತಿರುತ್ತಿದ್ದರು. ಆ ನೋಟ ತಡೆಯಲಾರದೆ ಮೂರನೇ ವರ್ಷ ಊರೊಳಗಿನ ಚಿಕ್ಕ ಮನೆಗೆ ಬಂದೆವು. ಈಗ ಅವರು ತಾವಾಗಿಯೇ ಮಿಲ್ವಾಕಿ ಅವೆನ್ಯೂವರೆಗೆ ನಡೆದು, ಗ್ರಂಥಾಲಯದಲ್ಲಿ ಕುಳಿತು ಬರುತ್ತಾರೆ. ಅರೋರದ ಬಾಲಾಜಿ, ಲೆಮಾಂಟ್‌ನ ರಾಮ ದೇವಸ್ಥಾನಗಳಿಗೆ ಇಲ್ಲಿಂದ ಕಾರಿನಲ್ಲಿ ಒಂದು ಗಂಟೆಯ ದಾರಿಯೆಂದು ಇಟ್ಟುಕೊಳ್ಳಿ. ಗ್ರೇಸ್‌ಲೇಕ್‌ನಲ್ಲಿ ಚಿನ್ಮಯ ಮಿಷನ್‌ನ ಕೇಂದ್ರ ಹತ್ತಿರದಲ್ಲಿದೆ. ನೀವು ಮೆಚ್ಚಿದ ಆ ಕೆರೆಯ ಮನೆಗೆ ಇನ್ನೊಮ್ಮೆ ಹೋದಾಗ ಕಾರನ್ನು ದೂರದಲ್ಲಿ ನಿಲ್ಲಿಸಿ, ಮನೆಯ ಬಾಗಿಲಿನಿಂದ ಹತ್ತಿರದ ಅಂಗಡಿಯವರೆಗೆ ಅತ್ತೆಯವರ ಹೆಜ್ಜೆಯಲ್ಲಿ ನಡೆದು ನೋಡಿ.