ಚೀನಾದಲ್ಲಾಗಿದ್ರೆ ಆರೇ ತಿಂಗಳು

ಹಾಸನದ ಮಹಾರಾಜ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಅಂದರೆ ಹತ್ತು ನಿಮಿಷ ನಡಿಗೆ, ಒಂದು ಗಂಟೆ ಬೆಂಚು. ಬೆಂಚಿನ ಖಾಯಂ ಸದಸ್ಯರು ನಾಲ್ವರು. ಸಕಲೇಶಪುರದ ಕಡೆ ತೋಟ, ಹಾಸನದಲ್ಲಿ ಮನೆ ಮಾಡಿರುವ ಚಂದ್ರಣ್ಣ. ಸಿವಿಲ್ ಕೇಸಿನ ಲಾಯರ್ ಪ್ರಭು. ನಿವೃತ್ತ ಸರ್ವೆಯರ್ ಈರಪ್ಪ. ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಮಾತು ಎಲ್ಲಿಂದಲೇ ಶುರುವಾಗಲಿ, ಚಂದ್ರಣ್ಣ ಅದನ್ನು ಶಿರಾಡಿ ಘಾಟಿಗೆ ಎಳೆದು ತಂದು, ಅಲ್ಲಿಂದ ನೇರ ಬೀಜಿಂಗಿಗೆ ಹತ್ತಿಸಿಬಿಡುತ್ತಾರೆ.

“ಮಾರನಹಳ್ಳಿ ತನಕ ರಸ್ತೆ ಅಗಲ ಮಾಡೋಕೆ ಇನ್ನೆಷ್ಟು ವರ್ಷ ಬೇಕ್ರೀ? ಚೀನಾದಲ್ಲಾಗಿದ್ರೆ ಆರೇ ತಿಂಗಳು! ಬೀಜಿಂಗ್–ಶಾಂಘೈ ರೈಲು ನೋಡಿ. 1,318 ಕಿಲೋಮೀಟರು. 2008ರಲ್ಲಿ ಗುದ್ದಲಿ ಬಿತ್ತು, 2011ರ ಜೂನಿಗೆ ರೈಲು ಓಡ್ತು.”

“ಓಡ್ತು, ಸುಳ್ಳಲ್ಲ,” ಅಂದರು ಮೇಷ್ಟ್ರು. “ನಾಲ್ಕೂವರೆ ಗಂಟೇಲಿ ಮುಟ್ಟಿಸುತ್ತೆ. ಅದು ಓಡಿ ತಿಂಗಳು ತುಂಬಿರಲಿಲ್ಲ. ಜುಲೈ 23ಕ್ಕೆ ವೆಂಜೌ ಹತ್ತಿರ, ಬೇರೆ ಮಾರ್ಗದಲ್ಲಿ, ನಿಂತು ಆಗಷ್ಟೇ ಮೆಲ್ಲಗೆ ಹೊರಟಿದ್ದ ರೈಲಿಗೆ ಹಿಂದಿನಿಂದ ಇನ್ನೊಂದು ಬಂದು ಗುದ್ದಿ 40 ಜನ ಸತ್ತರು. ಸಿಡಿಲಿಗೆ ಸಿಗ್ನಲ್ ಕೆಟ್ಟಿತ್ತು. ಕೆಟ್ಟಾಗ ಕೆಂಪು ತೋರಿಸಬೇಕಾದ್ದು ಹಸಿರು ತೋರಿಸಿತು, ವಿನ್ಯಾಸದಲ್ಲೇ ದೋಷ. ಬಿದ್ದ ಬೋಗೀನ ಅಲ್ಲೇ ಗುಂಡಿ ತೋಡಿ ಹೂತರು. ಜನ ಮೊಬೈಲಲ್ಲಿ ಬೈದು ಗಲಾಟೆ ಎಬ್ಬಿಸಿದ ಮೇಲೆ ಮತ್ತೆ ತೆಗೆದರು.”

“ಅಪಘಾತ ಎಲ್ಲೂ ಆಗ್ತದೆ ಮೇಷ್ಟ್ರೆ. ಅಲ್ಲಿ ಲಂಚ ಇಲ್ಲವಲ್ಲ!”

“ಆ ರೈಲು ಕಟ್ಟಿಸಿದ ಮಂತ್ರಿ ಲಿಯು ಝಿಜುನ್, ಉದ್ಘಾಟನೆಗೆ ಮೊದಲೇ ಲಂಚದ ತನಿಖೆಗೆ ಸಿಕ್ಕಿ ಕುರ್ಚಿ ಕಳಕೊಂಡರು. 2013ರಲ್ಲಿ ಮರಣದಂಡನೆ ಆಯ್ತು. ಜಾರಿಯನ್ನ ಎರಡು ವರ್ಷ ತಡೆಹಿಡಿದರು, ಅಷ್ಟೆ.”

“ನೋಡಿದ್ರಾ? ಅಲ್ಲಿ ಶಿಕ್ಷೆಯಾದ್ರೂ ಐತೆ!”

ಲಂಚ ಇಲ್ಲದಿದ್ದರೂ ಚೀನಾ ಗೆಲ್ಲುತ್ತದೆ, ಇದ್ದರೂ ಗೆಲ್ಲುತ್ತದೆ. ಇಂಥ ವಾದಕ್ಕೆ ಎದುರು ಸಾಕ್ಷಿ ಅನ್ನೋದೇ ಇರುವುದಿಲ್ಲ.

ಪ್ರಭು ಬೇರೆ ಕಡೆಯಿಂದ ಬಂದರು. “ಚಂದ್ರಣ್ಣ, ನಿಮ್ಮ ಬೆಳೆಗಾರರ ವಾಟ್ಸಾಪ್ ಗ್ರೂಪಿಗೆ ಅಡ್ಮಿನ್ ಯಾರು?”

“ನಾನೇ. 214 ಜನ ಇದೀವಿ.”

“ಅಲ್ಲಿ ವಾಟ್ಸಾಪೇ ಇಲ್ಲ. ಇರೋದು ವೀಚಾಟ್. 2017ರ ಅಕ್ಟೋಬರಿನಿಂದ ಬಂದ ನಿಯಮದ ಪ್ರಕಾರ ಗ್ರೂಪಿನಲ್ಲಿ ಯಾರು ಏನು ಬರೆದರೂ ಅದರ ಜವಾಬ್ದಾರಿ ಗ್ರೂಪ್ ಮಾಡಿದವನ ಮೇಲೆ. ನಿಮ್ಮ 214 ಜನ ನಿನ್ನೆ ರಾತ್ರಿ ಮಂತ್ರಿಗಳನ್ನ ಬೈದದ್ದಕ್ಕೆ ಬೆಳಿಗ್ಗೆ ನಿಮ್ಮನ್ನ ಕರೀತಿದ್ರು.”

“ನಾವು ಸರಿಯಾಗಿದ್ರೆ ಯಾರು ಯಾಕೆ ಕರೀತಾರೆ?”

“2022ರಲ್ಲಿ ಹೆನಾನ್ ಪ್ರಾಂತ್ಯದ ಕೆಲವು ಗ್ರಾಮೀಣ ಬ್ಯಾಂಕುಗಳು ಠೇವಣಿ ವಾಪಸ್ ಕೊಡೋದು ನಿಲ್ಲಿಸಿದವು,” ಅಂದರು ಮೇಷ್ಟ್ರು. “ದುಡ್ಡು ಕೇಳೋಕೆ ಝೆಂಗ್‌ಜೌಗೆ ಹೊರಟವರ ಮೊಬೈಲಿನ ಕೋವಿಡ್ ಕೋಡು ಇದ್ದಕ್ಕಿದ್ದಂಗೆ ಕೆಂಪಾಯ್ತು. ಜ್ವರ ಇಲ್ಲ, ಕೆಮ್ಮಿಲ್ಲ. ಕೆಂಪಾದರೆ ಬಸ್ಸು ರೈಲು ಹತ್ತೋ ಹಾಗಿಲ್ಲ. ಸಾವಿರಕ್ಕೂ ಹೆಚ್ಚು ಜನಕ್ಕೆ ಹಿಂಗಾಯ್ತು. ಅವರು ಮಾಡಿದ ತಪ್ಪು ಎಫ್‌ಡಿ ಇಟ್ಟಿದ್ದು.”

ಎಫ್‌ಡಿ ಅಂದೊಡನೆ ಚಂದ್ರಣ್ಣ ಶರ್ಟಿನ ಜೇಬು ಮುಟ್ಟಿಕೊಂಡರು. ಆದರೂ ಸೋಲಲಿಲ್ಲ. “ಅದೆಲ್ಲ ಬಿಡಿ. ನಮ್ಮ ರೋಗ ಒಂದೇ, ತಕರಾರು. ರಸ್ತೆ ಅಂದ್ರೆ ತಕರಾರು, ಡ್ಯಾಂ ಅಂದ್ರೆ ತಕರಾರು.”

“ತಕರಾರು ಹಾಕಿದ್ದಕ್ಕೇ ಅಲ್ವಾ ಪಕ್ಕದ ಜಿಲ್ಲೇಲಿ ಕುದುರೆಮುಖದ ಗಣಿ ನಿಂತಿದ್ದು?” ಅಂದರು ಪ್ರಭು. “ಸರ್ಕಾರದ್ದೇ ಕಂಪನಿ. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಆಯ್ತು, 2005ರ ಕೊನೆಗೆ ಗಣಿ ಬಂದ್. ಸರ್ಕಾರದ ಗಣೀನೇ ಮುಚ್ಚಿಸೋ ಕೋರ್ಟು ಬೀಜಿಂಗಲ್ಲಿ ಎಲ್ಲಿ ಹುಡುಕ್ತೀರಿ?”

ಅಷ್ಟು ಹೊತ್ತು ಸುಮ್ಮನಿದ್ದ ಈರಪ್ಪನವರಿಗೆ ಇದ್ದದ್ದು ಒಂದೇ ಪ್ರಶ್ನೆ. “ಅಲ್ಲ ಲಾಯರ್ರೆ, ಚೀನಾದಲ್ಲಿ ಜಮೀನಿನ ಪಹಣಿ ಯಾರ ಹೆಸರಲ್ಲಿ ಬತ್ತದೆ?”

“ಒಳ್ಳೆ ಪ್ರಶ್ನೆ. ಅಲ್ಲಿನ 1982ರ ಸಂವಿಧಾನದಲ್ಲೇ ಬರೆದಿದೆ: ಪಟ್ಟಣದ ಜಮೀನು ಸರ್ಕಾರದ್ದು, ಹಳ್ಳಿಯದ್ದು ಗ್ರಾಮ ಸಮೂಹದ್ದು. ರೈತನಿಗೆ ಕೃಷಿ ಜಮೀನು 30 ವರ್ಷದ ಗುತ್ತಿಗೆ ಮೇಲೆ. ಪಟ್ಟಣದಲ್ಲಿ ಮನೆ ಕೊಂಡರೂ ಕೆಳಗಿನ ನೆಲ 70 ವರ್ಷದ ಬಳಕೆಗೆ ಮಾತ್ರ.”

ಈರಪ್ಪ ಗಾಳಿಯಲ್ಲೇ ಪಹಣಿ ಬರೆದರು. “ಅಂದ್ರೆ 9ನೇ ಕಾಲಮ್ಮಿನಲ್ಲಿ, ಮಾಲೀಕನ ಜಾಗದಲ್ಲಿ, ಗ್ರಾಮ ಸಮೂಹ. ನಮ್ಮ ಚಂದ್ರಣ್ಣ 12ನೇ ಕಾಲಮ್ಮಲ್ಲಿ, ಬರೀ ಸಾಗುವಳಿದಾರ! 9ರಿಂದ 12ಕ್ಕೆ ಇಳಿಸಿದ್ಮೇಲೆ ಆರು ತಿಂಗಳು ಯಾಕೆ, ಆರು ವಾರಕ್ಕೆ ರಸ್ತೆ ಮಾಡ್ತೀನಿ ನಾನು.”

“ಪರಿಹಾರದ ಲೆಕ್ಕ ಇನ್ನೂ ಚೆಂದ,” ಅಂದರು ಪ್ರಭು. “2020ರ ಜನವರಿಗೆ ಕಾನೂನು ಬದಲಾಗೋವರೆಗೂ ಹಿಂದಿನ ಮೂರು ವರ್ಷದ ಸರಾಸರಿ ಫಸಲಿನ ಬೆಲೆ ನೋಡಿ ಕೊಡ್ತಿದ್ದರು, ಹೆಚ್ಚೆಂದರೆ ಅದರ 30 ಪಟ್ಟು. ಆ ಜಾಗದಲ್ಲಿ ಮಾಲ್ ಬರಲಿ, ಅಪಾರ್ಟ್‌ಮೆಂಟ್ ಬರಲಿ, ರೈತನಿಗೆ ಭತ್ತದ ಲೆಕ್ಕ. ಮೇಲಿನ ಲಾಭ ಸ್ಥಳೀಯ ಸರ್ಕಾರಕ್ಕೆ. ನಮ್ಮ 2013ರ ಭೂಸ್ವಾಧೀನ ಕಾಯಿದೇಲಿ ಹಳ್ಳಿ ಜಮೀನಿಗೆ ಮಾರುಕಟ್ಟೆ ಬೆಲೆಯ ಒಂದರಿಂದ ಎರಡು ಪಟ್ಟು, ಅದರ ಮೇಲೆ ಮತ್ತೆ ಅಷ್ಟೇ ಸೋಲೇಷಿಯಂ, ಅಂದರೆ ಜಮೀನು ಹೋದದ್ದಕ್ಕೆ ಸಮಾಧಾನದ ದುಡ್ಡು.”

“ಅದಿರ್ಲಿ,” ಈರಪ್ಪ ಮೆಲ್ಲಗೆ ಅಂದರು. “ಚಂದ್ರಣ್ಣನ ಹೆದ್ದಾರಿ ಬದಿ 18 ಗುಂಟೆ, ರಸ್ತೆಗೆ ಜಮೀನು ತಗೋತೀವಿ ಅನ್ನೋ 3ಎ ನೋಟಿಫಿಕೇಶನ್ನಲ್ಲಿ ಸರ್ವೆ ನಂಬರ್ ಬಂದಂಗಿತ್ತು ಪೇಪರ್ನಾಗೆ.”

ಬೆಂಚಿನ ಮೇಲೆ ಬೀಜಿಂಗು ಒಮ್ಮೆಲೇ ನಿಂತುಹೋಯಿತು.

“ಹೌದು,” ಅಂದರು ಚಂದ್ರಣ್ಣ. “ಒಂದು ಅರ್ಜಿ ಬರ್ಕೊಂಡು ಬಂದಿದೀನಿ, ನೋಡಿ.” ಜೇಬಲ್ಲಿ ಇದ್ದದ್ದು ಎಫ್‌ಡಿ ರಸೀದಿ ಅಲ್ಲ, ನಾಲ್ಕು ಪುಟದ ತಕರಾರು.

ಪ್ರಭು ಓದಿ ತಲೆ ಕೊಡವಿದರು. “ನಾಲ್ಕೂ ಪುಟ ದುಡ್ಡು ಸಾಲದು ಅಂತಲೇ ಇದೆ. ಇದು ಬಿದ್ದುಹೋಗುತ್ತೆ. ಹೆದ್ದಾರಿ ಕಾಯಿದೆಯ 3ಸಿ ಸೆಕ್ಷನ್ನಿನ ಆಕ್ಷೇಪಣೆ ಜಮೀನಿನ ಬಳಕೆ ಬಗ್ಗೆ ಮಾತ್ರ. ದುಡ್ಡಿನ ಮಾತು ಬರೋದು ಮುಂದೆ, 3ಜಿಯಲ್ಲಿ. ಆಕ್ಷೇಪಣೆಗೆ ಗೆಜೆಟ್ ಪ್ರಕಟಣೆಯಿಂದ 21 ದಿನ ಗಡುವು. ಇಲ್ಲಿ ತಿರುವು ಬದಲಿಸಿದರೆ ಬಾವಿ ಉಳಿಯುತ್ತೆ, ಇಲ್ಲದಿದ್ರೆ ಮಳೆನೀರಿನ ಮೋರಿ ಮುಚ್ಚಿಹೋಗುತ್ತೆ, ಹಿಂದಿನ ತೋಟಕ್ಕೆ ದಾರಿ ತಪ್ಪುತ್ತೆ, ಇಂಥದ್ದು ಬರೀರಿ, ನಕ್ಷೆ ಹಚ್ಚಿ. ಎರಡು ಪ್ರತಿ ಮಾಡಿ ಒಂದಕ್ಕೆ ಸೀಲು, ತಾರೀಖು ಹಾಕಿಸಿಕೊಳ್ಳಿ. ವಿಚಾರಣೆಗೆ ಕರೆದೇ ಕರೀಬೇಕು. ನಿಜ ಹೇಳಬೇಕಂದರೆ ಬಹಳ ಕಡೆ ಅದು ಕಾಟಾಚಾರ. ಆದರೆ ವಿಚಾರಣೆ ನಡೆಸದೇ ಬಿಟ್ಟರೆ ಹೈಕೋರ್ಟಿಗೆ ಹೋಗೋ ದಾರಿ ನಿಮಗೆ ಸಿಕ್ಕಂಗೆ. 3ಎ ಆಗಿ ಒಂದು ವರ್ಷದೊಳಗೆ, ಜಮೀನು ಸರ್ಕಾರಕ್ಕೆ ಸೇರಿತು ಅನ್ನೋ 3ಡಿ ಘೋಷಣೆ ಬರದಿದ್ದರೆ 3ಎ ನೋಟಿಫಿಕೇಶನ್ನೇ ಸಾಯುತ್ತೆ. ದುಡ್ಡು ಕಮ್ಮಿ ಅನಿಸಿದರೆ ಮಧ್ಯಸ್ಥಗಾರರ ಹತ್ತಿರ, ಅಲ್ಲೂ ಆಗದಿದ್ದರೆ ಜಿಲ್ಲಾ ನ್ಯಾಯಾಲಯ.”

“ಅದಕ್ಕೂ ಮುಂಚೆ,” ಈರಪ್ಪ ನುಗ್ಗಿದರು, “ಪಹಣಿ ಇನ್ನೂ ನಿಮ್ಮಪ್ಪನ ಹೆಸರಲ್ಲೇ ಐತಲ್ಲ? ಪೌತಿ ಖಾತೆ ಮಾಡಿಸ್ಕಳಿ. ಅಣ್ತಮ್ಮಂದಿರ ಪಾಲು ಅಳೆದು ಪೋಡಿ ಆಗಿಲ್ಲ ಅಂದ್ರೆ ಪರಿಹಾರ ಕೋರ್ಟಲ್ಲಿ ಡಿಪಾಸಿಟ್ ಆಗಿ ಕೂರ್ತದೆ. ಸರ್ವೆ ಇಲಾಖೆಯ ಅಳತೆ ಲೆಕ್ಕ, ಆಕಾರ್‌ಬಂದಿಗೂ ಪಹಣಿಗೂ ಗುಂಟೆ ತಾಳೆ ನೋಡಿ.”

ಮೇಷ್ಟ್ರು ನಕ್ಕರು. “ನಮ್ಮಲ್ಲೂ ಒಮ್ಮೆ ಚೀನಾ ಮಾಡಿ ನೋಡಿದ್ರಲ್ಲ ಚಂದ್ರಣ್ಣ, 1975ರಿಂದ 21 ತಿಂಗಳು, ಇಂದಿರಾ ಗಾಂಧಿಯ ಎಮರ್ಜೆನ್ಸಿ. ಆಮೇಲೆ ಜನ ಸೋಲಿಸಿದರು. ಸೋತವರನ್ನ 1978ರಲ್ಲಿ ಚಿಕ್ಕಮಗಳೂರಿನೋರು ಗೆಲ್ಲಿಸಿ ಕಳಿಸಿದರು. ಎರಡೂ ಮಾಡಿದ್ದು ಓಟೇ. 2018ರಲ್ಲಿ ಬೀಜಿಂಗಿನ ಸಂಸತ್ತಲ್ಲಿ ಅಧ್ಯಕ್ಷರ ಅವಧಿ ಮಿತಿ ತೆಗೆಯೋಕೆ ಓಟು ಹಾಕಿದರು: ಪರ 2,958, ವಿರುದ್ಧ ಎರಡು.”

ಚಂದ್ರಣ್ಣನ ಕಿವಿ ಆ ಕಡೆ ಇರಲಿಲ್ಲ. “ಪ್ರಭು, ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬುಡದ ಕಾಫಿ ಗಿಡ. ಮೂರಕ್ಕೂ ಬೇರೆ ಬೇರೆ ದುಡ್ಡು ತಾನೆ?”

“ಬೇರೆ ಬೇರೆಯಾಗೇ ಬರೆಸಬೇಕು. ಮರ, ಗಿಡದ ಬೆಲೆ ಕಟ್ಟೋಕೆ ಅರಣ್ಯ, ತೋಟಗಾರಿಕೆ ಗೊತ್ತಿರೋರನ್ನ ಕರೆಸಬಹುದು. ಅಳತೆಗೆ ಬಂದ ದಿನ ನೀವು ಅಲ್ಲೇ ನಿಂತು ಮಹಜರಿನಲ್ಲಿ ಬಳ್ಳಿ ಲೆಕ್ಕ ಬಂತಾ ನೋಡದೆ ಸಹಿ ಹಾಕಬೇಡಿ. ಮಧ್ಯಾಹ್ನದ ಮೇಲೆ ಅವಸರಕ್ಕೆ ಎಣಿಸೋದು ಬಿಟ್ಟು ಅಂದಾಜು ಬರೀತಾರೆ.”

“ಅವಸರ ಯಾಕಂತೆ?” ಚಂದ್ರಣ್ಣ ರೇಗಿದರು. “ಒಂದೊಂದು ಬಳ್ಳಿನೂ ನಿಂತು ಎಣಿಸ್ಲಿ. ವರ್ಷ ಹಿಡಿದ್ರೂ ಪರವಾಗಿಲ್ಲ!”