ಮನೆಗೆ ಫೈಬರ್: ಮಲೆನಾಡಿನವರ ಪ್ರಶ್ನೆ, ಎಂಜಿನಿಯರ್ ಉತ್ತರ

ಅಡ್ಮಿನ್: ಮಳೆ ಹಿಡಿಯೋ ಮುಂಚೆ ಫೈಬರ್ ಬಗ್ಗೆ ಏನಿದ್ರೂ ಇಲ್ಲೇ ಕೇಳಿ. ಊರು, ಮೋಡೆಮ್‌ನಲ್ಲಿ ಯಾವ ದೀಪ ಹೇಗೆ ಉರೀತಿದೆ, ಇಷ್ಟು ಬರೆದೇ ಕೇಳಿ. ಫಾರ್ವರ್ಡ್ ಬೇಡ.

ಕೊಪ್ಪ: ನಮಸ್ಕಾರ ಸರ್. ಮಳೆ ಬಂದ ದಿನ ನೆಟ್ ಹೋಗುತ್ತೆ, ಬಿಸಿಲು ಬಿದ್ದ ಮೇಲೆ ತಾನೇ ಬರುತ್ತೆ. ಎಲ್‌ಒಎಸ್ ಕೆಂಪು ದೀಪ ಮಿಣುಕುತ್ತೆ. ಮೋಡೆಮ್ ಬದಲಾಯಿಸಬೇಕಾ?

ಎಂಜಿನಿಯರ್: ನಮಸ್ಕಾರ. ಮೋಡೆಮ್ ಮುಟ್ಟಬೇಡಿ. ಕೆಂಪು ಮಿಣುಕ್ತಿದೆ ಅಂದ್ರೆ ಬೆಳಕೇ ಮನೆವರೆಗೆ ಬರ್ತಿಲ್ಲ. ಮೋಡೆಮ್‌ನ ಪುಟ ತೆರೆದು (ವಿಳಾಸ ಅದರ ಅಡಿ ಚೀಟಿಯಲ್ಲಿರುತ್ತೆ) ಆರ್‌ಎಕ್ಸ್ ಪವರ್ (ಮೋಡೆಮ್‌ಗೆ ಬರೋ ಬೆಳಕಿನ ಬಲ, ಡಿಬಿಎಂ ಲೆಕ್ಕದಲ್ಲಿ) ನೋಡಿ. ಮೈನಸ್ 15ರಿಂದ ಮೈನಸ್ 24 ಡಿಬಿಎಂ ಒಳಗಿದ್ರೆ ಚಿಂತೆಯಿಲ್ಲ. ಮೈನಸ್ 27ರ ಆಚೆ ಹೋದ್ರೆ ನೆಟ್ ನಿಲ್ಲೋದು, ಬರೋದು ಶುರು. ಒಣಗಿದಾಗ ಒಂದು ಸಲ, ಮಳೇಲಿ ಒಂದು ಸಲ ಬರೆದಿಟ್ಟುಕೊಳ್ಳಿ. 3–4 ಡಿಬಿ ವ್ಯತ್ಯಾಸ ಬಂದ್ರೆ ಯಾವುದೋ ಜಾಯಿಂಟ್‌ಗೆ ನೀರು ಹೋಗ್ತಿದೆ. ಒತ್ತಿ ಕೂರಿಸೋ ಕನೆಕ್ಟರ್ ಹಾಕಿದ್ರೆ ಮೊದಲ ಅನುಮಾನ ಅದರ ಮೇಲೆ. ಅದನ್ನು ಕತ್ತರಿಸಿ ಫ್ಯೂಷನ್ ಸ್ಪ್ಲೈಸ್ (ಗಾಜಿನ ಎಳೆಗಳನ್ನು ಕರಗಿಸಿ ಬೆಸೆಯೋದು) ಮಾಡಿಸಿ, ನಷ್ಟ 0.1 ಡಿಬಿಗಿಂತ ಕಡಿಮೆ ಇರುತ್ತೆ. ಕಂಬದ ಡಬ್ಬಿಗೆ ಕೇಬಲ್ ಕೆಳಗಿಂದಲೇ ಹೋಗಬೇಕು, ಹೋಗೋ ಮುಂಚೆ ಒಂದು ಜೋಲು ಬಿಟ್ಟಿರಬೇಕು. ಮೇಲಿಂದ ತೂರಿಸಿದ್ರೆ ನೀರು ಕೇಬಲ್ ಹಿಡಿದೇ ಒಳಗೆ ಇಳಿಯುತ್ತೆ.

ಸಿದ್ದಾಪುರ: ನಮ್ಮಲ್ಲೂ ಮಳೆಗೆ ಕೆಂಪು ದೀಪ ಸರ್. ಏನು ಮಾಡೋದು?

ಎಂಜಿನಿಯರ್: ಕೊಪ್ಪದವರಿಗೆ ಬರೆದದ್ದನ್ನು ಓದಿ.

ಜೋಗದ ಹತ್ತಿರ: ಹೋಂಸ್ಟೇಗೆ 16 ಕ್ಯಾಮೆರಾ ಹಾಕಿಸ್ತಿದ್ದೀವಿ. ಹೊರಗಿಂದ ನೋಡೋಕೆ ಎಷ್ಟು ಅಪ್‌ಲೋಡ್ ಬೇಕು?

ಸಾಗರ: ಇನ್ನೊಂದು ಗ್ರೂಪಲ್ಲಿ ಬಂದಿದ್ದು: "ಹಸಿರು ಕನೆಕ್ಟರ್ ತುದಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ, ಸ್ಪೀಡ್ ದುಪ್ಪಟ್ಟು." ಮಾಡಬಹುದಾ?

ಎಂಜಿನಿಯರ್: ಮಾಡಬೇಡಿ. ಬೆಳಕು ಓಡೋ ದಾರಿಯ ಅಗಲ 9 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಪಟ್ಟು ಸಣ್ಣದು. ಟೂತ್‌ಪೇಸ್ಟ್‌ನಲ್ಲಿ ಉಜ್ಜೋ ಪುಡಿ ಇದೆ, ಗಾಜಿನ ಮೇಲೆ ಗೀರು ಬಿದ್ರೆ ಕನೆಕ್ಟರ್ ಬಿಸಾಡೋದೇ. 99% ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಟಿಶ್ಯೂ, ಒಂದೇ ದಿಕ್ಕಿಗೆ ಒಂದು ಸಲ. ಅಂಗಿ ಚುಂಗೂ ಬೇಡ. ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಆ ಬೆಳಕು ಕಣ್ಣಿಗೆ ಕಾಣೋದಲ್ಲ. ಹಸಿರನ್ನು ನೀಲಿಗೆ ಜೋಡಿಸಲೂಬೇಡಿ. ಹಸಿರಿನ ತುದಿ 8 ಡಿಗ್ರಿ ಓರೆ, ನಡುವೆ ಗಾಳಿ ಉಳಿದು ಬೆಳಕು ಹೊರಟುಹೋಗುತ್ತೆ.

ಶೃಂಗೇರಿ: ಕರೆಂಟ್ ಹೋದಾಗ ಮೋಡೆಮನ್ನು ಇನ್ವರ್ಟರ್ ಬ್ಯಾಟರಿಗೆ ನೇರ ಕೊಡಬಹುದು, ಎರಡೂ 12 ವೋಲ್ಟ್ ಅಂತ ವಿಡಿಯೊ ಬಂದಿದೆ.

ಎಂಜಿನಿಯರ್: ಬ್ಯಾಟರಿ ಚಾರ್ಜ್ ಆಗುವಾಗ 14.4 ವೋಲ್ಟ್‌ವರೆಗೆ ಏರುತ್ತೆ. ಎಷ್ಟೋ ಮೋಡೆಮ್ 10%ಗಿಂತ ಹೆಚ್ಚು ಏರಿಳಿತ ತಡೆಯಲ್ಲ. ನಡುವೆ 12 ವೋಲ್ಟ್ ರೆಗ್ಯುಲೇಟರ್, ಬ್ಯಾಟರಿ ಪಕ್ಕದಲ್ಲೇ 2 ಆಂಪಿಯರ್ ಫ್ಯೂಸ್ ಇರಲೇಬೇಕು. 12 ವೋಲ್ಟ್ 7 ಎಎಚ್ ಬ್ಯಾಟರಿಗೆ 10 ವ್ಯಾಟ್ ಮೋಡೆಮ್ ಐದಾರು ಗಂಟೆ ಓಡುತ್ತೆ. ಅದಕ್ಕೂ ಮೊದಲು ಆಚೆ ತುದಿಯ ಒಎಲ್‌ಟಿಗೆ (ಆಪರೇಟರ್ ಕಡೆಯಿಂದ ಬೆಳಕು ಕಳಿಸೋ ಯಂತ್ರ) ಬ್ಯಾಟರಿ ಎಷ್ಟಿದೆ ಅಂತ ನಿಮ್ಮ ಆಪರೇಟರ್‌ನ ಕೇಳಿ. ಅಲ್ಲಿ ಎರಡೇ ಗಂಟೆ ಅಂದ್ರೆ ಇಲ್ಲಿ ಆರು ಗಂಟೆ ಇಟ್ಟು ಪ್ರಯೋಜನ ಇಲ್ಲ.

ಹೊಸನಗರ: ಸರ್, ಒಂದು ಸಣ್ಣ ವಿಷಯ. ಕೇಬಲ್ ಜೊತೆ ಬರೋ ಉಕ್ಕಿನ ತಂತಿಯನ್ನು ಜಗಲಿ ಕೊಕ್ಕೆಗೆ ಕಟ್ಟಿದ್ದಾರೆ. ನಿನ್ನೆ ಮಳೇಲಿ ಮುಟ್ಟಿದ್ರೆ ಜುಮ್ ಅಂತು. ನೆಟ್ ಚೆನ್ನಾಗೇ ಬರ್ತಿದೆ.

ಎಂಜಿನಿಯರ್: ಇದು ಸಣ್ಣ ವಿಷಯ ಅಲ್ಲ. ಆ ತಂತಿ, ಕೊಕ್ಕೆ, ಮೋಡೆಮ್ ಯಾವುದನ್ನೂ ಮುಟ್ಟಬೇಡಿ. ಮಕ್ಕಳನ್ನು, ದನಕರುಗಳನ್ನು ಆ ಕಡೆ ಬಿಡಬೇಡಿ. ಈಗಲೇ 1912ಕ್ಕೆ (ಕರೆಂಟ್ ದೂರಿನ ಸಹಾಯವಾಣಿ) ಫೋನ್ ಮಾಡಿ, "ಕೇಬಲ್ ತಂತೀಲಿ ಕರೆಂಟ್ ಬರ್ತಿದೆ" ಅಂತ ಇದೇ ಮಾತು ಹೇಳಿ, ದೂರಿನ ನಂಬರ್ ಬರೆದುಕೊಳ್ಳಿ. ಸೆಕ್ಷನ್ ಆಫೀಸಿಗೂ ಹೇಳಿ.

ಫೈಬರ್ ಗಾಜು, ಅದರಲ್ಲಿ ವಿದ್ಯುತ್ ಹರಿಯಲ್ಲ. ಹರಿಯೋದು ಎಳೆತ ತಡೆಯೋಕೆ ಹಾಕಿರೋ ಉಕ್ಕಿನ ತಂತಿಯಲ್ಲಿ. ಕರೆಂಟ್ ಕಂಬದಲ್ಲೇ ಕೇಬಲ್ ಎಳೆದಿದ್ರೆ ಎಲ್ಲೋ ಎಲ್‌ಟಿ ಲೈನಿಗೆ (ಊರಿಗೆ ಕರೆಂಟ್ ಹಂಚೋ ಲೈನ್) ಅಥವಾ ಕಂಬದಿಂದ ಮನೆಗೆ ಬರೋ, ಸಿಪ್ಪೆ ಹೋದ ಸರ್ವಿಸ್ ವೈರ್‌ಗೆ ಉಜ್ಜುತ್ತಿರಬೇಕು. ಒಣಗಿದ್ದಾಗ ಗೊತ್ತಾಗಲ್ಲ, ನೆನೆದಾಗ ಸೋರುತ್ತೆ. ಇವತ್ತು ಜುಮ್ ಅಂದದ್ದು ಗಾಳಿಗೆ ಇನ್ನಷ್ಟು ಉಜ್ಜಿದ್ರೆ ನಾಳೆ ಪೂರ್ತಿ 230 ವೋಲ್ಟ್. ಮನೆ ಮೇನ್ ಸ್ವಿಚ್ ಆಫ್ ಮಾಡಿದ್ರೂ ಹೋಗಲ್ಲ, ಅದು ನಿಮ್ಮ ಮೀಟರ್ ದಾಟಿ ಬರ್ತಿರೋದಲ್ಲ. ನೆಟ್ ಬರ್ತಿದೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ.

ತೀರ್ಥಹಳ್ಳಿ: ಟೆಸ್ಟರ್ ಹಿಡಿದು ನೋಡಿ, ಇದ್ರೆ ಆ ತಂತಿಗೊಂದು ಅರ್ತಿಂಗ್ ಕೊಟ್ಬಿಡಿ. ಮುಗೀತು.

ಎಂಜಿನಿಯರ್: ಎರಡೂ ತಪ್ಪು. ನೆನೆದ ಜಗಲೀಲಿ ನಿಂತು ಟೆಸ್ಟರ್ ಹಿಡೀಬಾರದು, ದೀಪ ಹತ್ತದಿದ್ರೆ ಕರೆಂಟ್ ಇಲ್ಲ ಅಂತಲೂ ಅಲ್ಲ. ಇನ್ನು ಅರ್ತಿಂಗ್: ಮನೆ ಅರ್ತ್ 20 ಓಮ್ ಇದೆ ಅಂದ್ಕೊಳ್ಳಿ. 230 ಭಾಗ 20, ಹನ್ನೊಂದೂವರೆ ಆಂಪಿಯರ್. ಅಷ್ಟಕ್ಕೆ ಟ್ರಾನ್ಸ್‌ಫಾರ್ಮರ್ ಫ್ಯೂಸ್ ಹೋಗಲ್ಲ. ಆ ಕರೆಂಟ್ ಹಗಲೂ ರಾತ್ರಿ ಅರ್ತ್ ಗುಂಡಿಗೆ ಇಳಿದು ಸುತ್ತಲಿನ ನೆಲಕ್ಕೇ ವೋಲ್ಟೇಜ್ ಬರುತ್ತೆ. ಮುಂಗಾಲಿಗೂ ಹಿಂಗಾಲಿಗೂ ದೂರ ಜಾಸ್ತಿ ಇರೋದ್ರಿಂದ ಹಸು ಮೊದಲು ಬೀಳುತ್ತೆ. ಗೊತ್ತಿಲ್ಲದ್ದನ್ನು ಇಲ್ಲಿ ಹೇಳಬೇಡಿ.

ತೀರ್ಥಹಳ್ಳಿ: ಇಷ್ಟು ಸಿಟ್ಟು ಬೇಡ ಸರ್. ನಾವೂ ವೈರಿಂಗ್ ಕೆಲಸದವರೇ.

ಕಳಸ: ನಮ್ಮ ಪಂಚಾಯಿತಿಗೆ ಭಾರತ್‌ನೆಟ್ ಬಂದು ವರ್ಷಗಳೇ ಆದ್ವು. ಮನೆಗಳಿಗೆ ಯಾಕಿಲ್ಲ?

ಎಂಜಿನಿಯರ್: ಅದು ಪಂಚಾಯಿತಿ ಕಚೇರಿವರೆಗೆ ಫೈಬರ್ ಎಳೆಯೋ ಕೇಂದ್ರ ಸರ್ಕಾರದ ಯೋಜನೆಯಾಗಿ 2011ರಲ್ಲಿ ಶುರುವಾದದ್ದು. ಆಗಿನದು ಒಂಟಿ ದಾರಿ, ಒಂದು ಕಡೆ ಜೆಸಿಬಿ ತಾಗಿದ್ರೆ ಮುಂದಿನದೆಲ್ಲ ಬಂದ್. 2023ರ ಆಗಸ್ಟ್‌ನಲ್ಲಿ ಒಪ್ಪಿದ 1,39,579 ಕೋಟಿಯ ತಿದ್ದುಪಡಿ ಯೋಜನೆಯಲ್ಲಿ ಉಂಗುರದ ಹಾಗೆ ಸುತ್ತುದಾರಿ ಇದೆ, ಮನೆ ಸಂಪರ್ಕವೂ ಸೇರಿದೆ. ಪಂಚಾಯಿತಿ ಕಚೇರಿಯ ಡಬ್ಬಿಗೆ ಕರೆಂಟ್ ಇದೆಯಾ, ಪ್ಲಗ್ ಕಿತ್ತಿಟ್ಟಿದ್ದಾರಾ, ಮೊದಲು ಹೋಗಿ ನೋಡಿ.

ಸಾಗರ: ಈ ಕೋಟಿಗಳಲ್ಲಿ ಅರ್ಧ ರಸ್ತೆಗೆ, ಕಾಲುಸಂಕಕ್ಕೆ ಹಾಕಿದ್ರೆ ಊರು ಉದ್ಧಾರ ಆಗ್ತಿತ್ತು.

ಶೃಂಗೇರಿ: ಅಡಿಕೆ ಟೆಂಡರ್ ದರ ನೋಡೋದು, ಪಹಣಿ ತೆಗೆಯೋದು ಎಲ್ಲ ನೆಟ್ಟಲ್ಲೇ. ಬೆಂಗಳೂರಿನ ಹುಡುಗರು ಊರಲ್ಲಿ ಕೂತು ಕೆಲಸ ಮಾಡ್ತಿಲ್ವಾ?

ಸಾಗರ: ಎಷ್ಟು ಜನ? ಐಟಿ ಕೆಲಸ ಬೆಂಗಳೂರಿನಾಚೆಗೆ ತರೋ ಸರ್ಕಾರದ "ಬಿಯಾಂಡ್ ಬೆಂಗಳೂರು" ಅಂದ್ರೆ ಮೈಸೂರು, ಮಂಗಳೂರು, ಹುಬ್ಬಳ್ಳಿ ಕಡೆ. ಅದರಲ್ಲಿ ನಮ್ಮ ತಾಲ್ಲೂಕು ಎಲ್ಲಿದೆ ತೋರ್ಸಿ.

ಶೃಂಗೇರಿ: ತಂತಿ ಬರದೇ ಪಟ್ಟೀಲಿ ಹೆಸರು ಎಲ್ಲಿಂದ ಬರಬೇಕು ಮಾರಾಯ್ರೆ? ಬರೀ ಬೇಡ ಅನ್ನೋದೇ ಆಯ್ತು ನಿಮ್ದು.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಜೋಗದ ಹತ್ತಿರ: 16 ಕ್ಯಾಮೆರಾ ಕೇಳಿದ್ದೆ.

ಕೇಬಲ್ ಆಪರೇಟರ್, ಯಲ್ಲಾಪುರ: ಸರ್, 40 ಮನೆ, ಕೊನೆ ಮನೆ 9 ಕಿ.ಮೀ. ಒಎಲ್‌ಟಿಯ ಒಂದೇ ಪೋರ್ಟ್‌ನಲ್ಲಿ 1:8 ಸ್ಪ್ಲಿಟರ್ (ಒಂದು ಫೈಬರ್‌ನ ಬೆಳಕನ್ನು ಎಂಟಕ್ಕೆ ಹಂಚೋದು) ಮೇಲೆ ಇನ್ನೊಂದು 1:8 ಹಾಕಿ ಮುಗಿಸೋಣ ಅಂತಿದ್ದೀನಿ. ಬೆಳಕು ಕಳಿಸೋದು ಬಿ ಪ್ಲಸ್ ಮಾಡ್ಯೂಲ್.

ಎಂಜಿನಿಯರ್: ದಾರೀಲಿ ಬೆಳಕು ಎಷ್ಟು ನಷ್ಟ ಆಗುತ್ತೆ, ಡಿಬಿಯಲ್ಲಿ ಲೆಕ್ಕ ಹಾಕೋಣ. 9 ಕಿ.ಮೀ.ಗೆ 0.35ರಂತೆ 3.15. ಎರಡು 1:8ಕ್ಕೆ 21. ನಾಲ್ಕು ಕನೆಕ್ಟರ್ 1.6, ಆರು ಸ್ಪ್ಲೈಸ್ 0.6. ಒಟ್ಟು 26.35 ಡಿಬಿ. ಬಿ ಪ್ಲಸ್ ತಡೆಯೋದು 28. ಉಳಿದದ್ದು ಒಂದೂವರೆ ಚಿಲ್ಲರೆ. ಮೊದಲ ಮಳೆಗಾಲದಲ್ಲಿ ಮರ ಬಿದ್ದು ನಾಲ್ಕು ಜಾಯಿಂಟ್ ಹಾಕಿ, ಒಂದು ಕನೆಕ್ಟರ್‌ಗೆ ಕೊಳೆ ಕೂತ್ರೆ ಅದೂ ಹೋಯ್ತು. 3 ಡಿಬಿ ಕೈಲಿ ಉಳಿಸಿಕೊಳ್ಳದೆ ಲೈನ್ ಎಳೀಬೇಡಿ. ಮೊದಲು 1:4, ಆಮೇಲೆ 1:8 ಹಾಕಿ, ಒಟ್ಟು 23 ಡಿಬಿಗೆ ಇಳಿಯುತ್ತೆ. ಪೋರ್ಟ್‌ಗೆ 32 ಮನೆ, ಆದ್ದರಿಂದ ಎರಡು ಪೋರ್ಟ್ ಬೇಕು.

ತೋಟದೊಳಗೆ ಅಡಿಕೆ ಮರಕ್ಕೆ ಕಟ್ಟಬೇಡಿ. ಗಾಳಿಗೆ ಮರ ಓಲಾಡಿ ಕ್ಲ್ಯಾಂಪ್ ಹತ್ತಿರ ಕೇಬಲ್ ಮುರಿಯುತ್ತೆ, ಅಡಿಕೆ ಕೊಯ್ಯೋ ಕೊನೆಗೌಡರ ದೋಟಿ ತಾಗುತ್ತೆ, ಕೊಳೆ ಔಷಧಿಯ ಮೈಲುತುತ್ತ ಬಿದ್ದು ಉಕ್ಕಿನ ತಂತಿಯ ಸತುವಿನ ಲೇಪ ಸವೆಯುತ್ತೆ. ತೋಟದ ಅಂಚಲ್ಲಿ ಪೈಪಿನೊಳಗೆ ಹೂಳಿ. ಕಾಡುಹಂದಿ ಕೆದಕೋ ಕಡೆ ಮೇಲುಮೇಲೆ ಹೂಳಬೇಡಿ.

ಸೊರಬ: ಮಳೆ ಬಂದ್ರೆ ಕೆಂಪು ದೀಪ ಸರ್.

ಎಂಜಿನಿಯರ್: ಮೇಲೆ ಓದಿ.

ಕೊಪ್ಪ: ಸಿಡಿಲಿಗೆ ಎರಡನೇ ಮೋಡೆಮ್ ಹೋಯ್ತು. ಫೈಬರ್‌ಗೆ ಸಿಡಿಲು ಹೊಡೆಯಲ್ಲ ಅಂತ ಎಲ್ಲರೂ ಹೇಳಿದ್ರು.

ಎಂಜಿನಿಯರ್: ಬಂದದ್ದು ಅಡಾಪ್ಟರ್ ಕಡೆಯಿಂದ ಇರಬಹುದು. ಗುಡುಗು ಶುರುವಾಗೋ ಮುಂಚೆ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಸಾಲದು. ಟಿವಿಗೆ, ಕಂಪ್ಯೂಟರ್‌ಗೆ ಹೋಗೋ ಲ್ಯಾನ್ ವೈರನ್ನೂ ಕೀಳಿ.

ತೀರ್ಥಹಳ್ಳಿ: ನೀರಿಗೆ ಉಪ್ಪು ಹಾಕಿ ಅರ್ತ್ ಗುಂಡಿಗೆ ಹೊಯ್ದರೆ ಸಿಡಿಲು ಎಳೆದುಕೊಳ್ಳುತ್ತೆ ಅಂತಾರೆ.

ಎಂಜಿನಿಯರ್: ಯಾರು ಅಂತಾರೆ? ಉಪ್ಪಿಗೆ ಅರ್ತ್ ಪೈಪ್ ತುಕ್ಕು ಹಿಡಿಯುತ್ತೆ. ಹೊಸನಗರದವರು ಏನಾಯ್ತು ಹೇಳಿ, ಫೋನ್ ಮಾಡಿದ್ರಾ?

ಹೊಸನಗರ: ಲೈನ್‌ಮ್ಯಾನ್ ಬಂದು ಲೈನ್ ಆಫ್ ಮಾಡಿ ನೋಡಿದ್ರು. ಮೂರನೇ ಕಂಬದ ಹತ್ತಿರ ಸರ್ವಿಸ್ ವೈರ್ ಸಿಪ್ಪೆ ಹೋಗಿ ಕೇಬಲ್ ಮೇಲೆ ಕೂತಿತ್ತು. ಟೇಪ್ ಸುತ್ತಿದ್ದಾರೆ, ಈಗ ತಂತೀಲಿ ಕರೆಂಟ್ ಇಲ್ಲ ಅಂದ್ರು.

ಎಂಜಿನಿಯರ್: ಟೇಪ್ ಒಂದು ಮಳೆಗಾಲ ತಡೆಯಲ್ಲ. ಆ ಸರ್ವಿಸ್ ವೈರ್ ಪೂರ್ತಿ ಬದಲಾಗಬೇಕು, ಕಚೇರಿಗೆ ಬರೆದು ಕೊಡಿ. ಈಗಿರೋ ಕೇಬಲ್ ತೆಗೆಸಿ, ಗಟ್ಟಿತನಕ್ಕೆ ಉಕ್ಕಿನ ಬದಲು ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿ ಇರೋದನ್ನು ಎಳೆಸಿ, ಅದು ಲೋಹ ಅಲ್ಲ. ಅಷ್ಟರವರೆಗೆ ಉಕ್ಕಿನ ತಂತಿ ಹೊರಗಿನ ಕೊಕ್ಕೆಗೇ ಮುಗೀಲಿ, ಗೋಡೆಯೊಳಗೆ ಒಂದು ಅಂಗುಲವೂ ಬರಬಾರದು. ಆ ಕೆಲಸ ಆಪರೇಟರ್ ಕಡೆಯವರಿಂದಲೇ ಮಾಡಿಸಿ, ಲೈನ್‌ಮ್ಯಾನ್ ಎದುರಿಗಿದ್ದು ಲೈನ್ ಆಫ್ ಆಗಿರುವಾಗ. ನೀವು ಏಣಿ ಹತ್ತಬೇಡಿ.