ಅನ್‌ನೋನ್ ಸಾಲ್ಟ್ ತೂಕ 43.84% ಇಳಿದಿದೆ, ಜಿಂಕ್ ಸಲ್ಫೇಟಾ ಮೆಗ್ನೀಸಿಯಂ ಸಲ್ಫೇಟಾ?

ಮಲ್ಲೇಶ್ವರಂ_ಬಿಎಸ್ಸಿ:
ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲಿ ಬಿಎಸ್ಸಿ ಓದ್ತಾ ಇದೀನಿ. ಈ ಸಲ ಪ್ರಾಕ್ಟಿಕಲ್ಸ್‌ನಲ್ಲಿ ಮೇಡಂ ಬ್ಯಾಚ್‌ಗೆ ಒಂದೊಂದು ಬಿಳಿ ಸಾಲ್ಟ್ ಕೊಟ್ಟು, ಫ್ಲೇಮ್ ಟೆಸ್ಟು ಗ್ರೂಪ್ ಅನಾಲಿಸಿಸ್ಸು ಏನೂ ಬೇಡ, ಬರೀ ತೂಕ ನೋಡಿ ಯಾವ್ದು ಅಂತ ಹೇಳಿ ಅಂದಿದಾರೆ. ಲಿಸ್ಟಲ್ಲಿ ಇರೋದು ಜಿಂಕ್ ಸಲ್ಫೇಟ್, ಎಪ್ಸಮ್ ಸಾಲ್ಟ್ (ಅಂದ್ರೆ ಮೆಗ್ನೀಸಿಯಂ ಸಲ್ಫೇಟ್), ಆಲಮ್ (ಪಟಿಕ), ವಾಷಿಂಗ್ ಸೋಡಾ, ಬೇರಿಯಂ ಕ್ಲೋರೈಡ್, ಎಲ್ಲಾ ನೀರು ಸೇರಿರೋ ಹರಳುಗಳೇ.

ಖಾಲಿ ಕ್ರೂಸಿಬಲ್ (ಕಾಯಿಸೋಕೆ ಬಳಸೋ ಸಣ್ಣ ಬಟ್ಟಲು) ಮುಚ್ಚಳ ಸಮೇತ 24.318 ಗ್ರಾಂ, ಸಾಲ್ಟ್ ಹಾಕಿದ್ಮೇಲೆ 26.462. ಹಾಟ್ ಏರ್ ಓವನ್‌ನಲ್ಲಿ 150 ಡಿಗ್ರಿಲಿ ಇಟ್ಟು ಡೆಸಿಕೇಟರ್‌ನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ಆರಿಸಿ ತೂಗಿದ್ರೆ 25.522, ಮತ್ತೆ ಇಟ್ಟು ತೆಗೆದ್ರೂ ಅದೇ 25.522. ಅಂದ್ರೆ 2.144ರಲ್ಲಿ 0.940 ಹೋಗಿದೆ, 43.84%. ನಂಗೆ ಜಿಂಕ್ ಅನ್ಸ್ತಿದೆ, ಪಾರ್ಟ್ನರ್ ಹರಳು ನೋಡಿ ಎಪ್ಸಮ್ಮೇ ಅಂತಾನೆ. ಯಾರಾದ್ರೂ ಹೇಳ್ತೀರಾ?

ಮೋಲ್_ಲೆಕ್ಕ:
ಲೆಕ್ಕ ಹಾಕ್ದೆ ನೋಡಿ. ಪೂರ್ತಿ ನೀರು ಹೋದ್ರೆ ಬೇರಿಯಂ ಕ್ಲೋರೈಡ್ 14.75%, ಜಿಂಕ್ ಸಲ್ಫೇಟ್ 43.85, ಆಲಮ್ 45.57, ಎಪ್ಸಮ್ 51.16, ವಾಷಿಂಗ್ ಸೋಡಾ 62.96. ಆಲಮ್ ಆಗಿದ್ರೆ ನಿಮ್ಮ ಸ್ಯಾಂಪಲ್‌ಗೆ 0.977 ಗ್ರಾಂ ಹೋಗ್ಬೇಕಿತ್ತು, ಮಿಲಿಗ್ರಾಂ ತೋರ್ಸೋ ಬ್ಯಾಲೆನ್ಸ್‌ನಲ್ಲಿ ಅಷ್ಟು ವ್ಯತ್ಯಾಸ ತಪ್ಪಿಹೋಗಲ್ಲ. ಜಿಂಕ್ ಅಂತ ಬರ್ದುಬಿಡಿ.

ಪೀಣ್ಯ_ಕ್ಯೂಸಿ:
ಸ್ವಲ್ಪ ತಡೀರಿ, ಈಗ್ಲೇ ಬರೀಬೇಡಿ. ಎಪ್ಸಮ್‌ನಲ್ಲಿ ಒಂದೊಂದು ಮೆಗ್ನೀಸಿಯಂ ಸಲ್ಫೇಟ್‌ಗೆ ಏಳು ನೀರಿನ ಅಣು ಇರತ್ತೆ, ಆದ್ರೆ ಏಳೂ ಒಂದೇ ಸಲ ಹೋಗಲ್ಲ. 150ರ ಹೊತ್ತಿಗೆ ಆರು ಹೋಗತ್ತೆ, ಕೊನೇದು ಗಟ್ಟಿಯಾಗಿ ಹಿಡ್ಕೊಂಡಿರತ್ತೆ, ಅದನ್ನ ಓಡಿಸೋಕೆ 200ರ ಮೇಲೆ ಚೆನ್ನಾಗಿ ಕಾಯಿಸ್ಬೇಕು. ಈಗ ಆ ಆರರ ಲೆಕ್ಕ ಮಾಡಿ: ಆರು ನೀರಿನ ಅಣುತೂಕ 108.09ನ ಎಪ್ಸಮ್‌ನ ಅಣುತೂಕ 246.47ರಿಂದ ಭಾಗಿಸಿದ್ರೆ 43.86%! ಜಿಂಕ್‌ದು ಏಳೂ ಹೋದ್ರೆ 43.85. ನಿಮ್ಮ ಬ್ಯಾಲೆನ್ಸ್ ಅಲ್ಲ, ಅದಕ್ಕಿಂತ ಒಳ್ಳೇ ಬ್ಯಾಲೆನ್ಸ್ ತಂದ್ರೂ ಈ ಎರಡನ್ನ ಬೇರೆ ಮಾಡಕ್ಕಾಗಲ್ಲ. ಹರಳು ನೋಡಿ ಹೇಳೋದೂ ಆಗಲ್ಲ, ಎರಡರ ಹರಳಿನ ರಚನೆನೂ ಒಂದೇ ಥರ.

ಆದ್ರೆ ನೀವು ಟೆಂಪರೇಚರ್ ಬರ್ದಿಟ್ಟಿದೀರಲ್ಲ, ಅದೇ ಇಲ್ಲಿ ಕೈ ಹಿಡಿಯೋದು. ಜಿಂಕ್ ಸಲ್ಫೇಟೂ 150ರಲ್ಲಿ ಒಂದು ನೀರು ಇಟ್ಕೊಂಡಿರತ್ತೆ, ಅದು ಹೋಗೋಕೆ 280ರ ಹತ್ರ ಬೇಕು. ಹಂಗಾಗಿ ಜಿಂಕ್ ಆಗಿದ್ರೆ ನಿಮ್ಮ ಓವನ್‌ನಲ್ಲಿ ತೂಕ 37.6% ಇಳಿದು ಅಲ್ಲೇ ನಿಲ್ಬೇಕಿತ್ತು. ನನ್ನ ಪ್ರಕಾರ ಇದು ಮೆಗ್ನೀಸಿಯಂ ಸಲ್ಫೇಟ್, ಇನ್ನೂ ಒಂದು ನೀರು ಒಳಗೆ ಉಳ್ಕೊಂಡಿದೆ. ಎರಡು ಸಲ ಒಂದೇ ತೂಕ ಬಂತು ಅಂದ್ರೆ ಆ ಟೆಂಪರೇಚರ್‌ಗೆ ಹೋಗೋದೆಲ್ಲ ಹೋಯ್ತು ಅಂತ ಅಷ್ಟೇ, ಒಳಗೆ ನೀರೇ ಇಲ್ಲ ಅಂತ ಅಲ್ಲ.

ಅದೇ ಕ್ರೂಸಿಬಲ್ ಇದ್ರೆ ಬರ್ನರ್ ಮೇಲೆ ಸಣ್ಣ ಉರೀಲಿ ಕಾಯಿಸಿ. ಎಪ್ಸಮ್ ಆದ್ರೆ ಇನ್ನೊಂದು 0.157 ಗ್ರಾಂ ಇಳಿದು 25.365ಕ್ಕೆ ಬಂದು ನಿಲ್ಲತ್ತೆ.

ಮಲ್ಲೇಶ್ವರಂ_ಬಿಎಸ್ಸಿ:
ತುಂಬಾ ಥ್ಯಾಂಕ್ಸ್ ಸರ್, ಆರರ ಲೆಕ್ಕ ಹೊಳೆದೇ ಇರ್ಲಿಲ್ಲ. ಒಂದು ಡೌಟು, ಬರ್ನರ್‌ನಲ್ಲಿ ಟೆಂಪರೇಚರ್ ಗೊತ್ತಾಗಲ್ವಲ್ಲ, ಅಕಸ್ಮಾತ್ ಜಿಂಕೇ ಆಗಿದ್ದು ಉರಿ ಜಾಸ್ತಿಯಾಗಿ ಸಲ್ಫೇಟೇ ಒಡೆದು ತೂಕ ಇಳಿದ್ರೆ?

ಲ್ಯಾಬ್_ಮೇಡಂ:
ಒಳ್ಳೇ ಡೌಟಮ್ಮಾ. ಜಿಂಕ್ ಸಲ್ಫೇಟ್ 600 ಡಿಗ್ರಿ ದಾಟಿದ್ಮೇಲೆ ಒಡೆದು ಜಿಂಕ್ ಆಕ್ಸೈಡ್ ಆಗತ್ತೆ, ಆಗ 25.365ರಲ್ಲಿ ನಿಲ್ಲೋಕೆ ಕಾರಣನೇ ಇಲ್ಲ, ಇಳೀತಾ ಇಳೀತಾ 24.925ರ ಕಡೆ ಹೋಗತ್ತೆ. ಬಿಸಿ ಇದ್ದಾಗ ಹಳದಿ ಕಾಣತ್ತೆ, ಆರಿದ್ಮೇಲೆ ಬಿಳಿ. ಕಾಯಿಸಿ, ಆರಿಸಿ, ತೂಗಿ, ಮತ್ತೆ ಕಾಯಿಸಿ ಅದೇ ತೂಕ ಬರತ್ತಾ ನೋಡಿ. ಮಳೆಗಾಲದಲ್ಲಿ ಕ್ರೂಸಿಬಲ್‌ನ ಟೇಬಲ್ ಮೇಲೆ ಬಿಡ್ಲೇಬೇಡಿ, ನೀರು ಕಳ್ಕೊಂಡ ಮೆಗ್ನೀಸಿಯಂ ಸಲ್ಫೇಟ್ ಗಾಳಿಯಲ್ಲಿರೋ ತೇವನ ಎಳ್ಕೊಳ್ಳತ್ತೆ, ನೀವು ನೋಡ್ತಿದ್ದಂಗೇ ಬ್ಯಾಲೆನ್ಸ್ ರೀಡಿಂಗ್ ಏರತ್ತೆ.

ಇನ್ನೊಂದು ದಾರಿನೂ ಇದೆ, ಇದೂ ತೂಕದ್ದೇ ಆದ್ರಿಂದ ನಿಮ್ಮ ಮೇಡಂ ಒಪ್ಪಬಹುದು, ಕೇಳಿ ನೋಡಿ. ಕಾಯಿಸದೇ ಇರೋ ಸಾಲ್ಟ್ 0.500 ಗ್ರಾಂ ನೀರಲ್ಲಿ ಕರಗಿಸಿ, ಸ್ವಲ್ಪ ಡೈಲ್ಯೂಟ್ ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆಮ್ಲ) ಹಾಕಿ, ಬಿಸಿ ಇರೋವಾಗ್ಲೇ ಬೇರಿಯಂ ಕ್ಲೋರೈಡ್ ದ್ರಾವಣನ ನಿಧಾನಕ್ಕೆ ಕಲಕ್ತಾ ಸೇರಿಸಿ. ಬರೋ ಬೇರಿಯಂ ಸಲ್ಫೇಟ್ ಜಿಂಕ್ ಆದ್ರೆ 0.406 ಗ್ರಾಂ, ಎಪ್ಸಮ್ ಆದ್ರೆ 0.473. ಆತುರಕ್ಕೆ ತಕ್ಷಣ ಸೋಸಿದ್ರೆ ಸಣ್ಣ ಪುಡಿ ಫಿಲ್ಟರ್ ಪೇಪರ್ ದಾಟಿ ಹೋಗತ್ತೆ, ಬಿಸಿಯಾಗಿಯೇ ಒಂದು ಗಂಟೆ ಬಿಟ್ಟು ಹರಳು ದಪ್ಪ ಆಗ್ಲಿ, ಆಮೇಲೆ ಬೂದಿ ಉಳಿಯದ ಪೇಪರ್‌ನಲ್ಲಿ ಸೋಸಿ, ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದ್ರೆ ಬೆಳ್ಳಗಾಗೋದು ನಿಲ್ಲೋವರೆಗೂ ತೊಳೀರಿ. ಆ ಪುಡಿ ಸಮೇತ ಪೇಪರ್ ಸುಡೋವಾಗ ಉರಿ ಹತ್ತಿಸ್ಬೇಡಿ, ನಿಧಾನಕ್ಕೆ ಕಪ್ಪಗಾಗ್ಲಿ, ಇಲ್ದಿದ್ರೆ ಇಂಗಾಲ ಸೇರಿ ಸ್ವಲ್ಪ ಭಾಗ ಸಲ್ಫೈಡ್ ಆಗಿ ತೂಕ ಕಮ್ಮಿ ಬರತ್ತೆ. ಬೇರಿಯಂ ಕ್ಲೋರೈಡ್ ವಿಷ, ಪಿಪೆಟ್‌ಗೆ ಬಾಯಿ ಹಾಕ್ಬೇಡಿ, ಉಳಿದಿದ್ದನ್ನ ಸಿಂಕಿಗೂ ಸುರೀಬೇಡಿ, ಬೇರೆ ಬಾಟ್ಲಿಗೆ ಹಾಕಿ ಲ್ಯಾಬ್ ಅಟೆಂಡರ್‌ಗೆ ಕೊಡಿ.